ಅಂಚೆಯಲ್ಲಿ ಬಂದ ತೆನೆ

2025ರ ಸೆಪ್ಟೆಂಬರಿನಲ್ಲಿ, ತೆನೆ ಹಬ್ಬಕ್ಕೆ ಇನ್ನು ಮೂರು ದಿನ ಇರುವಾಗ, ವಸಾಯಿಯ ನಮ್ಮ ಮನೆಗೆ ಊರಿನಿಂದ ಒಂದು ಕೊರಿಯರ್ ಬಂತು. ಉದ್ದನೆಯ ರಟ್ಟಿನ ಪೆಟ್ಟಿಗೆ. ಒಂದು ಮೂಲೆಯಿಂದ ಹಸಿರು ಎಲೆಯ ತುದಿ ಹೊರಗೆ ಇಣುಕುತ್ತಿತ್ತು. ವಾಚ್‌ಮನ್ ಅದನ್ನು ಕೈಗೆ ಕೊಡುತ್ತಾ, "ಏನು ಮ್ಯಾಡಮ್, ಊರಿಂದ ಹುಲ್ಲು ತರಿಸಿದ್ದೀರಾ?" ಎಂದು ನಕ್ಕ. ಬಿಚ್ಚಿದರೆ ಒಳಗೆ ಕನ್ನಡ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ, ಬುಡಕ್ಕೆ ಒದ್ದೆ ಹತ್ತಿ ಕಟ್ಟಿದ ಒಂಬತ್ತು ಭತ್ತದ ತೆನೆ. ಜೊತೆಗೆ ತಮ್ಮನ ಕೈಬರಹದ ಒಂದು ಚೀಟಿ: "ನಿನ್ನ ಗದ್ದೆಯದ್ದು."

ಆ ಚೀಟಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಅದರಲ್ಲಿ ತಮಾಷೆ ಇತ್ತು, ಚುಚ್ಚುಮಾತೂ ಇತ್ತು. ಆ ಗದ್ದೆಯ ವಿಷಯದಲ್ಲಿ ನಾವಿಬ್ಬರೂ ಎಂಟು ತಿಂಗಳು ಫೋನಿನಲ್ಲಿ ಜಗಳ ಆಡಿದ್ದೆವು. ಊರಿನಲ್ಲಿ ಚೂರುಪಾರು ಭೂಮಿ ಬಿಟ್ಟು ಬಂದು ಶಹರದಲ್ಲಿ ಸಂಬಳ ಎಣಿಸುವ ನಮ್ಮಂಥವರು ಈ ಪತ್ರಿಕೆಯ ಓದುಗರಲ್ಲಿ ಬಹಳ ಮಂದಿ ಇದ್ದೀರಿ. ಈ ಜಗಳ ನಿಮ್ಮ ಮನೆಯಲ್ಲೂ ನಡೆದಿರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

*

ಕರಾವಳಿಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ನಾಲ್ಕು ಮಾತು. ಸೆಪ್ಟೆಂಬರ್ 8 ಮಾತೆ ಮರಿಯಳ ಹುಟ್ಟುಹಬ್ಬ. ಲೋಕದ ಕಥೊಲಿಕರಿಗೆಲ್ಲ ಅದು ಹಬ್ಬವೇ. ಆದರೆ ದಕ್ಷಿಣ ಕನ್ನಡ, ಉಡುಪಿಯ ಕೊಂಕಣಿ ಕಥೊಲಿಕರಾದ ನಮಗೆ ಅದು ಹೊಸ ಅಕ್ಕಿಯ ಹಬ್ಬವೂ ಹೌದು. ನಾವು ಮೊಂತಿ ಫೆಸ್ತ್ ಎನ್ನುತ್ತೇವೆ. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಎಂಬ ಹಳೆಯ ಇಗರ್ಜಿ ಇದೆ. ಮರಿಯಳ ಗುಡ್ಡ ಎಂದು ಅರ್ಥ. ಹಬ್ಬದ ಹೆಸರು ಅಲ್ಲಿಂದಲೇ ಬಂದದ್ದು. ಗೋವಾದಿಂದ ಬಂದಿದ್ದ ಜೋಕಿಂ ಮಿರಾಂದ ಎಂಬ ಪಾದ್ರಿ 18ನೇ ಶತಮಾನದಲ್ಲಿ ಅಲ್ಲಿ ಈ ಆಚರಣೆ ಶುರು ಮಾಡಿದರೆಂದು ಹಿರಿಯರು ಹೇಳುತ್ತಾರೆ. ಹೊಸ ಪೈರನ್ನು ಮನೆ ತುಂಬಿಸಿಕೊಳ್ಳುವ ರೂಢಿ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು. ತುಳುವರು ಕುರಲ್ ಕಟ್ಟುತ್ತಾರೆ, ಕೊಡವರು ಪುತ್ತರಿ ಮಾಡುತ್ತಾರೆ. ನಾವು ತೆನೆಯನ್ನು ಇಗರ್ಜಿಗೆ ಕೊಂಡುಹೋಗುತ್ತೇವೆ, ಅಷ್ಟೇ ವ್ಯತ್ಯಾಸ.

ಹಬ್ಬಕ್ಕೆ ಮೊದಲು ಒಂಬತ್ತು ದಿನ ನೊವೆನಾ. ಮಕ್ಕಳು ಬುಟ್ಟಿ ತುಂಬ ಹೂವು ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮಕ್ಕಳಿಗೆ ಕಬ್ಬು. ಮೀನಿಲ್ಲದೆ ಊಟ ಇಳಿಯದ ನಮ್ಮ ಮನೆಗಳಲ್ಲಿ ಅಂದು ಬಾಳೆ ಎಲೆಯ ಮೇಲೆ ಪೂರ್ತಿ ಸಸ್ಯಾಹಾರ. ಪದಾರ್ಥಗಳ ಲೆಕ್ಕ ಬೆಸ ಸಂಖ್ಯೆಯಲ್ಲಿರಬೇಕು: ಐದು, ಏಳು, ಒಂಬತ್ತು. ಅಂಬಟೆ ಹಾಕಿದ ಕೆಸುವಿನ ದಂಟು, ಬೆಂಡೆ, ಹೀರೆ, ಹಾಗಲ, ಮುಳ್ಳುಸೌತೆ, ಕೊನೆಗೆ ಬೆಲ್ಲ ಮತ್ತು ತೆಂಗಿನ ಹಾಲಿನ ವೋರ್ನ್. ಮಳೆಗಾಲದಲ್ಲಿ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಏನು ಬೆಳೆಯುತ್ತದೋ ಅದೇ ಅಡುಗೆ. ಈಗ ಮುಂಬೈಯ ದೊಡ್ಡ ಹೋಟೆಲುಗಳ ಮೆನುವಿನಲ್ಲಿ 'ಸ್ಥಳೀಯ, ಋತುಮಾನದ ಆಹಾರ' ಎಂದು ಅಚ್ಚು ಹಾಕಿರುವುದನ್ನು ಕಂಡಾಗ ನನಗೆ ಮಾಯಿಯ ಕೆಸುವಿನ ದಂಟು ನೆನಪಾಗುತ್ತದೆ. ಅವಳಿಗೆ ಅದು ಆದರ್ಶವಾಗಿರಲಿಲ್ಲ, ಹಿತ್ತಲಾಗಿತ್ತು.

ಊಟಕ್ಕೆ ಮೊದಲು ಪಪ್ಪ ತೆನೆಯ ಕಾಳು ಬಿಡಿಸಿ, ಸಿಪ್ಪೆ ಸುಲಿದು, ಜಜ್ಜಿ, ಹಾಲಿಗೆ ಹಾಕುತ್ತಿದ್ದರು. ಎಲ್ಲರಿಗೂ ಒಂದೊಂದು ಗುಟುಕು. ಅದಾಗದೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಮನೆಯಲ್ಲಿ ಇಲ್ಲದವರ ಪಾಲು ಅಂಚೆಯಲ್ಲಿ ಹೋಗುತ್ತಿತ್ತು. ಕುವೈತಿನಲ್ಲಿದ್ದ ಬಾಪ್ಪುವಿಗೆ, ಬಿಹಾರದ ಕಾನ್ವೆಂಟಿನಲ್ಲಿದ್ದ ಅತ್ತೆಗೆ, ಆಮೇಲೆ ಮುಂಬೈಯ ನನ್ನ ಹಾಸ್ಟೆಲ್ಲಿಗೆ. ಲಕೋಟೆಯಲ್ಲಿ ಒಂದು ಕಾಗದ, ಕಾಗದದ ಮಡಿಕೆಯಲ್ಲಿ ಏಳೆಂಟು ಕಾಳು. ಎಷ್ಟೋ ಸಲ ಅಂಚೆಯ ಮುದ್ರೆ ಬಿದ್ದು ಕಾಳು ಪುಡಿಯಾಗಿರುತ್ತಿತ್ತು. ಆ ಪುಡಿಯನ್ನೇ ಹಾಸ್ಟೆಲಿನ ಚಹಾಕ್ಕೆ ಹಾಕಿಕೊಂಡು ಕುಡಿದವಳು ನಾನು.

*

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಇಗರ್ಜಿಗೆ ತೆನೆ ಕೊಡುವ ಸರದಿ ನಮ್ಮ ಗದ್ದೆಗೆ ಬಂತು. ನಮ್ಮ ವಾರ್ಡಿನ ಗುರ್ಕಾರರು ಮನೆಗೆ ಬಂದು ಕೇಳಿದ ಸಂಜೆ ಪಪ್ಪನ ಮುಖ ನೋಡಬೇಕಿತ್ತು. ಹಬ್ಬದ ಹೊತ್ತಿಗೆ ತೆನೆ ಬಲಿತಿರಬೇಕೆಂದು ಆ ಸಲ ಬೈಲಿನ ಮೊದಲ ಗದ್ದೆಗೆ ಎಲ್ಲರಿಗಿಂತ ಮುಂಚೆ ನೇಜಿ ನೆಡಿಸಿದರು.

ಆ ಹೊತ್ತಿಗೆ ನಮ್ಮ ಬೇಸಾಯ ಬದಲಾಗಿತ್ತು. ಅಜ್ಜನ ಕಾಲದ ಅತಿಕರಾಯ, ಕಯಮೆ ಹೋಗಿ ಎಂಒ-4 ಬಂದಿತ್ತು. ಗುಡ್ಡದಿಂದ ಹೊತ್ತು ತರುತ್ತಿದ್ದ ಸೊಪ್ಪು, ಹಟ್ಟಿಗೊಬ್ಬರ ಕಡಿಮೆಯಾಗಿ ಯೂರಿಯಾ ಚೀಲಗಳು ಬಂದಿದ್ದವು. ಪೈರು ಕಪ್ಪುಹಸಿರಾಗಿ ಸೊಕ್ಕಿ ನಿಲ್ಲುತ್ತಿತ್ತು. ಸೊಕ್ಕಿದ ಪೈರೆಂದರೆ ಹುಳಕ್ಕೆ ಹಬ್ಬ. ಆ ವರ್ಷ ತೆನೆ ಹಾಲು ಕಟ್ಟುವ ಹೊತ್ತಿಗೆ ಸರಿಯಾಗಿ ರಸ ಹೀರುವ ತಿಗಣೆ ಬಿತ್ತು. ಗದ್ದೆಗೆ ಇಳಿದರೆ ಗಬ್ಬು ನಾತ. ಹಾಗೇ ಬಿಟ್ಟರೆ ತೆನೆಯೆಲ್ಲ ಜೊಳ್ಳು. ಇಗರ್ಜಿಗೆ ಜೊಳ್ಳು ತೆನೆ ಕೊಡುವುದುಂಟೇ? ಪಪ್ಪ ಪೇಟೆಗೆ ಹೋಗಿ ಒಂದು ಡಬ್ಬಿ ಮದ್ದು ತಂದು, ಪಕ್ಕದ ಮನೆಯ ಪಂಪು ಎರವಲು ತೆಗೆದುಕೊಂಡು, ಮೂಗಿಗೆ ಬೈರಾಸು ಕಟ್ಟಿಕೊಂಡು ಹೊಡೆದರು. ವಿಷಕ್ಕೆ ನಮ್ಮಲ್ಲಿ ಮದ್ದು ಎಂದೇ ಹೆಸರು. ಜ್ವರಕ್ಕೂ ಮದ್ದು, ಹುಳಕ್ಕೂ ಮದ್ದು.

ಸಂಜೆ ಡಬ್ಬಿಯ ಜೊತೆ ಬಂದ ಚೀಟಿಯನ್ನು ಓದಲು ನನಗೆ ಹೇಳಿದರು. ಹತ್ತಾರು ಮಡಿಕೆಯ, ಇರುವೆ ಗಾತ್ರದ ಅಕ್ಷರಗಳ ಚೀಟಿ. ಡಬ್ಬಿಯ ಮೇಲೆ ಹಳದಿ ಬಣ್ಣದ ಗುರುತು. ಕೆಂಪಿನ ನಂತರ ಅತಿ ಹೆಚ್ಚು ವಿಷ ಹಳದಿಯದ್ದು ಎಂದು ಆಗ ನನಗೆ ಗೊತ್ತಿರಲಿಲ್ಲ. ಮದ್ದು ಹೊಡೆದ ಮೇಲೆ ಇಪ್ಪತ್ತೊಂದು ದಿನ ಕೊಯ್ಯಬಾರದು ಎಂದು ಬರೆದಿತ್ತು. ಹಬ್ಬಕ್ಕೆ ಉಳಿದದ್ದು ಹನ್ನೆರಡು ದಿನ.

"ಇನ್ನೊಮ್ಮೆ ಓದು," ಅಂದರು ಪಪ್ಪ. ಓದಿದೆ. ಮತ್ತೂ ಒಮ್ಮೆ ಓದಿಸಿದರು. ಆಮೇಲೆ ತೇರ್ಸಿನ ಹೊತ್ತಿನಲ್ಲಿ ಅವರ ದನಿಯೇ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಚೀಟಿಯ ಸಮೇತ ನನ್ನನ್ನು ಕರೆದುಕೊಂಡು ವಿಗಾರರ ಬಳಿಗೆ ಹೋದರು. ವಿಗಾರರು ಒಳ್ಳೆಯವರೇ. "ತೊಳೆದರೆ ಆಗದಾ? ಒಂದೆರಡು ಕಾಳು ತಿಂದರೆ ಏನಾಗ್ತದೆ?" ಅಂದರು. ಅದಕ್ಕೆ ಪಪ್ಪ ಹೇಳಿದ್ದು ನನಗೆ ಇವತ್ತಿಗೂ ಅವರ ದನಿಯಲ್ಲೇ ನೆನಪಿದೆ. "ಫಾದರ್, ಮಕ್ಕಳು ಇಗರ್ಜಿಯ ಮೆಟ್ಟಿಲಲ್ಲೇ ಕಾಳು ಬಿಡಿಸಿ ಬಾಯಿಗೆ ಹಾಕಿಕೊಳ್ತಾರೆ. ನೀವು ಆಶೀರ್ವಾದ ಮಾಡಿದ್ದು ಅಂತ ಹಾಕಿಕೊಳ್ತಾರೆ."

ವಿಗಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮದ್ದು ಹೊಡೆಯದ ಗದ್ದೆ ಯಾರದ್ದಿದೆ ಎಂದು ಕೇಳಿದರು. ಆ ಬೈಲಿನಲ್ಲಿ ಅಂಥದ್ದು ಒಂದೇ ಇತ್ತು. ನಮ್ಮಲ್ಲಿಗೆ ನೇಜಿ ನೆಡಲು ಬರುತ್ತಿದ್ದ ಹೆಂಗಸರಲ್ಲಿ ಹಿರಿಯಳದ್ದು, ಹದಿನೈದು ಸೆಂಟ್ಸ್ ಗದ್ದೆ. ಮಕ್ಕಳೆಲ್ಲ ಅವಳನ್ನು ಮಲ್ಲಕ್ಕ ಎನ್ನುತ್ತಿದ್ದೆವು; ತುಳುವಿನಲ್ಲಿ ದೊಡ್ಡಕ್ಕ. ಅವಳು ಮದ್ದು ಹೊಡೆಯದೆ ಇದ್ದದ್ದು ಯಾವ ತತ್ವಕ್ಕಾಗಿಯೂ ಅಲ್ಲ, ಕೈಯಲ್ಲಿ ದುಡ್ಡಿರಲಿಲ್ಲ. ಒಲೆಯ ಬೂದಿ ಎರಚಿದ್ದಳು. ಅರ್ಧ ತೆನೆ ಜೊಳ್ಳಾಗಿತ್ತು. ಉಳಿದರ್ಧದಿಂದ ಆರಿಸಿ ಕೊಯ್ದು, ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಇಗರ್ಜಿಯ ಮೆಟ್ಟಿಲಿನವರೆಗೆ ತಂದುಕೊಟ್ಟಳು. "ನಿಮ್ಮ ದೇವರಿಗೂ ಕೊನೆಗೆ ನನ್ನ ಗದ್ದೆಯ ಕುರಲೇ ಬೇಕಾಯ್ತಲ್ಲ ಪೊರ್ಬುಳೆ," ಎಂದು ಪಪ್ಪನಿಗೆ ತಮಾಷೆ ಮಾಡಿದ್ದಳು. ಪಪ್ಪ ಅವಳಿಗೆ ಒಂದು ಮುಡಿ ಅಕ್ಕಿ ಕೊಟ್ಟರು. ಸರದಿ ತಪ್ಪಿದ ಅವಮಾನ ಮಾತ್ರ ಅವರಿಗೆ ಬಹಳ ವರ್ಷ ಉಳಿಯಿತು.

ಅಂದಿನಿಂದ ಪಪ್ಪ ವಿಷ ಮುಟ್ಟಲಿಲ್ಲ ಎಂದು ಬರೆದರೆ ಕತೆ ಚೆಂದವಾಗುತ್ತದೆ. ಆದರೆ ಆದದ್ದು ಹಾಗಲ್ಲ. ಬೈಲಿನ ಮೊದಲ ಗದ್ದೆಯೊಂದನ್ನು, ಮೂವತ್ತು ಸೆಂಟ್ಸ್ ಜಾಗವನ್ನು, 'ಹಬ್ಬದ ಗದ್ದೆ' ಎಂದು ಹೆಸರಿಟ್ಟು ಅದಕ್ಕೆ ಮಾತ್ರ ಕೊನೆಯವರೆಗೂ ಮದ್ದು ಹೊಡೆಯಲಿಲ್ಲ. ಉಳಿದವುಗಳಿಗೆ ಬೇಕಾದಾಗ ಹೊಡೆದರು. ಕಾಲೇಜಿಗೆ ಹೋಗುವ ಹುಮ್ಮಸ್ಸಿನಲ್ಲಿ ನಾನೊಮ್ಮೆ ಕೇಳಿದ್ದೆ: "ದೇವರ ಅಕ್ಕಿಗೆ ಒಂದು ನ್ಯಾಯ, ಮಾರುವ ಅಕ್ಕಿಗೆ ಒಂದು ನ್ಯಾಯವಾ ಪಪ್ಪ?" ಅವರು ಉತ್ತರ ಕೊಡಲಿಲ್ಲ. ನನ್ನ ಹಾಸ್ಟೆಲ್ ಫೀಸು ಆ ಮಾರುವ ಅಕ್ಕಿಯಿಂದ, ಬೆಟ್ಟಿನ ಅಡಿಕೆಯಿಂದ ಬರುತ್ತಿತ್ತು ಎಂದು ಅವರು ಹೇಳಬಹುದಿತ್ತು.

ಆ ವರ್ಷಗಳಲ್ಲೇ ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ ಸುತ್ತಿನಲ್ಲಿ, ಗಡಿಯಾಚೆ ಕಾಸರಗೋಡಿನಲ್ಲಿ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಮಕ್ಕಳಾಗಿ ನಮಗೆ ಹೆಲಿಕಾಪ್ಟರ್ ನೋಡುವುದೇ ಸಂಭ್ರಮ. ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆದದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಆ ಊರುಗಳಲ್ಲಿ ಹಾಸಿಗೆಯಿಂದ ಏಳಲಾರದ ಮಕ್ಕಳ ಒಂದು ತಲೆಮಾರೇ ಬೆಳೆದಿತ್ತು. ಪಪ್ಪನ ಆ ಹಳದಿ ಗುರುತಿನ ಡಬ್ಬಿ ನೆನಪಾದಾಗಲೆಲ್ಲ ನನಗೆ ಅನಿಸುವುದು, ಚೀಟಿ ಓದಲು ಅವರಿಗೊಬ್ಬಳು ಮಗಳಾದರೂ ಇದ್ದಳು ಎಂದು.

*

ಮುಂಬೈಗೆ ಬಂದ ಮೇಲೆ ನನ್ನ ಅನ್ನದ ಗುರುತು ಪೂರ್ತಿ ಅಳಿಸಿಹೋಯಿತು. ಅಕ್ಕಿ ಎಂದರೆ ಪ್ಲಾಸ್ಟಿಕ್ ಚೀಲ, ತರಕಾರಿ ಎಂದರೆ ಸ್ಟೇಷನ್ ಹೊರಗಿನ ಗಾಡಿ. ತೆನೆ ಹಬ್ಬಕ್ಕೆ ಕೊಂಕಣಿ ಸಂಘದವರು ಮಂಗಳೂರಿನ ಬಸ್ಸಿನಲ್ಲಿ ತೆನೆಯ ಕಟ್ಟು ತರಿಸುತ್ತಿದ್ದರು. ಇಗರ್ಜಿಯ ಹಾಲಿನಲ್ಲಿ ಹಾಡು, ಹೂವು, ಕೇಟರಿಂಗಿನ ಒಂಬತ್ತು ಬಗೆಯ ಊಟ. ಆ ತೆನೆ ಯಾರ ಗದ್ದೆಯದ್ದು, ಅದಕ್ಕೆ ಏನು ಹೊಡೆದಿದ್ದಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ನಮ್ಮದು ವಲಸೆ ಬಂದವರ ಕತೆ. ಆದರೆ ಮುಂಬೈಯಲ್ಲೇ ಹುಟ್ಟಿ ಬೆಳೆದ ಈಸ್ಟ್ ಇಂಡಿಯನ್ ಕ್ರೈಸ್ತರ ಪಾಡೂ ಬೇರೆಯಲ್ಲ. ಅಕ್ಟೋಬರಿನ ಮೊದಲ ಭಾನುವಾರ ಅವರದ್ದು ಆಗೇರಾ, ಅವರ ಸುಗ್ಗಿ ಹಬ್ಬ. ಒಮ್ಮೆ ಗೆಳತಿಯೊಬ್ಬಳ ಜೊತೆ ಅವಳ ಗಾಂವಠಾಣದ ಆಗೇರಾಕ್ಕೆ ಹೋಗಿದ್ದೆ. ಬ್ಯಾಂಡು ಬಾರಿಸಿಕೊಂಡು, ಹೆಂಗಸರು ಲುಗ್ಡೆ ಉಟ್ಟು, ತೆನೆಗಳನ್ನು ಹಿಡಿದು ಮೆರವಣಿಗೆ ಹೊರಟಿತು. ಎರಡೂ ಕಡೆ ಇಪ್ಪತ್ತು ಅಂತಸ್ತಿನ ಕಟ್ಟಡಗಳು. "ನಿಮ್ಮ ಗದ್ದೆ ಎಲ್ಲಿತ್ತು?" ಎಂದು ಅವಳ ಅಜ್ಜಿಯನ್ನು ಕೇಳಿದೆ. ಆಕೆ ನಾವು ನಿಂತಿದ್ದ ರಸ್ತೆಯನ್ನೇ ತೋರಿಸಿದರು.

ಮದುವೆಯಾಗಿ ವಸಾಯಿಗೆ ಬಂದೆ. ಇಲ್ಲಿ ಇನ್ನೂ ವಾಡಿಗಳಿವೆ: ಬಾವಿ, ಬಾಳೆ, ವೀಳ್ಯದೆಲೆ, ಹೂವು, ಸೊಪ್ಪು. ಬೆಳೆಯುವವರಲ್ಲಿ ಬಹಳಷ್ಟು ಮಂದಿ ಕ್ರೈಸ್ತರು. ಬೆಳಗಿನ ಲೋಕಲ್ಲಿನಲ್ಲಿ ತರಕಾರಿ ಬುಟ್ಟಿಗಳೊಂದಿಗೆ ಮುಂಬೈಗೆ ಹೋಗುವ ಹೆಂಗಸರು ಇವರೇ. ಈ ಹಸಿರು ತಾನಾಗಿ ಉಳಿದದ್ದಲ್ಲ. 1980ರ ದಶಕದ ಕೊನೆಯಲ್ಲಿ ಬಿಲ್ಡರುಗಳ ಕಣ್ಣು ವಸಾಯಿಯ ಮೇಲೆ ಬಿದ್ದಾಗ ತೋಟ ಮತ್ತು ಬಾವಿಗಳನ್ನು ಉಳಿಸಲು 'ಹರಿತ್ ವಸಯಿ' ಚಳವಳಿ ನಡೆಯಿತು. ಅದರ ಮುಂದೆ ನಿಂತವರು ಫಾದರ್ ಫ್ರಾನ್ಸಿಸ್ ದಿಬ್ರಿಟೊ. ಮರಾಠಿಯ ಹೆಸರಾಂತ ಲೇಖಕರು, 2020ರಲ್ಲಿ ಉಸ್ಮಾನಾಬಾದಿನಲ್ಲಿ ನಡೆದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. 2024ರ ಜುಲೈಯಲ್ಲಿ ತೀರಿಕೊಂಡರು. ಪಾದ್ರಿಯಾದವರಿಗೆ ಬಾವಿ ನೀರಿನ ಉಸಾಬರಿ ಏಕೆ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ನಮ್ಮ ವಿಗಾರರ ಎದುರು ಮದ್ದಿನ ಚೀಟಿ ಹಿಡಿದು ನಿಂತ ಪಪ್ಪನನ್ನು ಕಂಡಿದ್ದ ನನಗೆ ಆ ಪ್ರಶ್ನೆ ಬರಲಿಲ್ಲ.

ನಾನು ಸೊಪ್ಪು ತೆಗೆದುಕೊಳ್ಳುವ ಮಾವ್ಶಿಯನ್ನು ಒಮ್ಮೆ, "ಔಷಧಿ ಹೊಡೀತೀರಾ?" ಎಂದು ಕೇಳಿದ್ದೆ. ಆಕೆ ಬದನೆಕಾಯಿ ತೂಗುತ್ತಾ ನನ್ನ ಮುಖ ನೋಡದೆ ಕೇಳಿದಳು: "ತೂತಿರುವ ಬದನೆ ಕೊಟ್ಟರೆ ನೀನು ತಗೊಳ್ತೀಯಾ? ಮೊದಲು ಅದಕ್ಕೆ ಉತ್ತರ ಹೇಳು." ನಾನು ಯಾವಾಗಲೂ ನುಣ್ಣಗೆ ಹೊಳೆಯುವುದನ್ನೇ ಆರಿಸುತ್ತಿದ್ದೆ. ವಿಷದ ಪಂಪು ಅವಳ ಬೆನ್ನ ಮೇಲಿದ್ದರೂ ಅದರ ಹಿಡಿಕೆಯಲ್ಲಿ ನನ್ನ ಕೈಯೂ ಇತ್ತು. ಅಂದಿನಿಂದ ಒಂದೆರಡು ತೂತಿನ ಬದನೆ ಮನೆಗೆ ತರಲು ಕಲಿತೆ. ಹುಳ ಇದ್ದ ಭಾಗ ಕತ್ತರಿಸಿ ಎಸೆದರಾಯಿತು.

2015ರಲ್ಲಿ ಪೋಪ್ ಫ್ರಾನ್ಸಿಸ್ 'ಲೌದಾತೊ ಸೀ' ಎಂಬ ವಿಶ್ವಪತ್ರ ಬರೆದರು. ನಮ್ಮ ಇಗರ್ಜಿಯಲ್ಲಿ ಹತ್ತು ಹನ್ನೆರಡು ಮಂದಿ ಕುಳಿತು ಅದನ್ನು ಓದಿದೆವು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರೆ ಬೇರೆಯಾಗಿ ಕೇಳಲಾಗದು ಎನ್ನುವುದು ಅದರ ತಿರುಳು. ಚೆಲ್ಲಿದ ಅನ್ನ ಬಡವರ ತಟ್ಟೆಯಿಂದ ಕದ್ದದ್ದಕ್ಕೆ ಸಮ ಎನ್ನುವ ಅರ್ಥದ ಮಾತೂ ಅದರಲ್ಲಿದೆ. ಅದೇ ವರ್ಷ ಅವರು ಸೆಪ್ಟೆಂಬರ್ 1ನ್ನು ಸೃಷ್ಟಿಯ ಆರೈಕೆಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಮಾಡಿದರು. ಅಲ್ಲಿಂದ ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಈಗ ಹಲವು ಸಭೆಗಳು 'ಸೃಷ್ಟಿಯ ಕಾಲ'ವನ್ನು ಆಚರಿಸುತ್ತವೆ. ನಮ್ಮ ತೆನೆ ಹಬ್ಬ ಅದರ ನಡುವೆ ಬರುತ್ತದೆ. ಓದಿ ನಾವೆಲ್ಲ ತಲೆದೂಗಿದೆವು. ಇಗರ್ಜಿಯ ಊಟಕ್ಕೆ ಪ್ಲಾಸ್ಟಿಕ್ ತಟ್ಟೆ ನಿಲ್ಲಿಸಿದೆವು. ಊರಿನ ಗದ್ದೆಯ ಮಾತು ಯಾರೂ ಎತ್ತಲಿಲ್ಲ.

*

ಪಪ್ಪ 2019ರಲ್ಲಿ ತೀರಿಕೊಂಡರು. ತಮ್ಮ ಎರಡು ವರ್ಷ ಗದ್ದೆ ಮಾಡಿದ, ಮೂರನೆಯ ವರ್ಷ ಕೈಬಿಟ್ಟ. ಅವನದ್ದು ಪೇಟೆಯಲ್ಲಿ ಕೆಲಸ. ನೆಡಲು ಜನ ಇಲ್ಲ, ಇದ್ದವರ ಕೂಲಿ ಕೊಟ್ಟು ಪೂರೈಸುವುದಿಲ್ಲ, ಕೊಯ್ಲಿನ ಹೊತ್ತಿಗೆ ನವಿಲು, ಹಂದಿ. ಬೈಲು ಹಡಿಲು ಬಿತ್ತು. ಒಂದೂಕಾಲು ಎಕರೆ ತುಂಬ ಜೊಂಡು. ಗದ್ದೆಯಲ್ಲಿ ನೀರು ನಿಲ್ಲದೆ ಹೋದ ಮೇಲೆ ಮನೆಯ ಬಾವಿ ಮಾರ್ಚಿನಲ್ಲೇ ತಳ ಕಾಣಿಸತೊಡಗಿತು ಎಂದು ಮಾಯಿ ಹೇಳುತ್ತಿದ್ದಳು.

2024ರ ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ ತಮ್ಮ ಒಂದು ಹಕ್ಕು ಖುಲಾಸೆ ಪತ್ರ ಮುಂದಿಟ್ಟ. ಬೈಲಿಗೆ ಕೆಂಪು ಮಣ್ಣು ತುಂಬಿಸಿ ಅಡಿಕೆ ಹಾಕಬೇಕು, ಬ್ಯಾಂಕ್ ಸಾಲಕ್ಕೆ ಭೂಮಿ ಒಬ್ಬನ ಹೆಸರಿನಲ್ಲಿದ್ದರೆ ಸುಲಭ, ನನ್ನ ಪಾಲಿನ ದುಡ್ಡು ಕೊಡುತ್ತಾನೆ. ಅವನ ಲೆಕ್ಕದಲ್ಲಿ ಯಾವ ಮೋಸವೂ ಇರಲಿಲ್ಲ. ನಾನು ಸಹಿ ಹಾಕದೆ ಅದನ್ನು ಚೀಲದಲ್ಲಿಟ್ಟುಕೊಂ��ು ವಸಾಯಿಗೆ ಬಂದೆ. ಜಗಳ ಶುರುವಾದದ್ದು ಅಲ್ಲಿಂದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಭೂಮಿ ನಮಗೆ ಬಂದ ರೀತಿ. ನಮ್ಮ ಆಬ್, ಅಂದರೆ ಅಜ್ಜ, ಗೇಣಿ ಒಕ್ಕಲು. ಧಣಿಗಳೂ ಅದೇ ಇಗರ್ಜಿಯವರು. ಪ್ರತಿ ವರ್ಷ ಅಕ್ಕಿಯ ಮುಡಿಗಳನ್ನು ಹೊತ್ತು ಅವರ ಅಂಗಳಕ್ಕೆ ಹಾಕಿ ಬರಬೇಕಿತ್ತು. 1974ರ ಭೂಸುಧಾರಣೆ ಬಂದಾಗ ಆಬ್ ಹೆದರಿ ಹೆದರಿ ಡಿಕ್ಲರೇಶನ್ ಕೊಟ್ಟರು. ಉಳುವವನೇ ಹೊಲದೊಡೆಯ ಎಂಬ ಮಾತಿನ ಬಲದ ಮೇಲೆ ಒಂದೂಕಾಲು ಎಕರೆ ನಮ್ಮದಾಯಿತು. ಧಣಿಗಳು ಕೊನೆಯವರೆಗೂ ಆಬ್ ಜೊತೆ ಮಾತಾಡಲಿಲ್ಲ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ತೆಗೆದುಕೊಳ್ಳುತ್ತಿದ್ದರು. ಉಳುವವನೆಂಬ ಕಾರಣಕ್ಕೆ ಬಂದ ಭೂಮಿಯನ್ನು ಉಳದೆ ಇಟ್ಟುಕೊಂಡು, ಅದರ ಮೇಲೆ ಹಕ್ಕಿನ ಮಾತಾಡಲು ನನಗೇನು ಅಧಿಕಾರ? ಈ ಪ್ರಶ್ನೆ ತಮ್ಮನಿಗಿಂತ ಹೆಚ್ಚು ನನಗೇ ಅನ್ವಯಿಸುತ್ತಿತ್ತು.

ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಭೂಮಿಯನ್ನು ಶಾಶ್ವತವಾಗಿ ಮಾರಬಾರದೆಂದು ದೇವರು ಹೇಳುವ ಭಾಗವಿದೆ. ಭೂಮಿ ನನ್ನದು, ನೀವು ನನ್ನಲ್ಲಿ ಬಂದು ಇರುವವರು ಎಂಬ ಅರ್ಥದ ಮಾತು. ಸಣ್ಣಂದಿನಿಂದ ಕೇಳಿದ್ದೆ. ಆ ಚಳಿಗಾಲದಲ್ಲಿ ಮತ್ತೆ ಓದಿದಾಗ ಮಾತ್ರ ನಮ್ಮ ಊರಿನ ಶಬ್ದ ಹೊಳೆಯಿತು: ನಾವು ಒಕ್ಕಲು. ಆಬ್ ಕಾಗದದಲ್ಲಿ ಒಡೆಯರಾದರು, ಆದರೆ ದೇವರ ಲೆಕ್ಕದಲ್ಲಿ ಇನ್ನೂ ಒಕ್ಕಲೇ. ಒಕ್ಕಲಿನವನು ಗೇಣಿ ಕೊಡಬೇಕು. ಯಾರಿಗೆ ಎನ್ನುವುದನ್ನೂ ಅದೇ ಪುಸ್ತಕ ಹೇಳುತ್ತದೆ. ಕೊಯ್ಯುವಾಗ ಗದ್ದೆಯ ಅಂಚು ಬಿಡಬೇಕು, ಬಿದ್ದ ತೆನೆ ಹೆಕ್ಕಬಾರದು, ಅದು ಬಡವರಿಗೆ ಮತ್ತು ಪರದೇಶಿಗಳಿಗೆ. ವಿಧವೆ ರೂತಳು ಹಾಗೆ ಹಕ್ಕಲು ಆಯ್ದೇ ಅತ್ತೆಯನ್ನು ಸಾಕಿದಳು. ನಮ್ಮ ಅಜ್ಜಿ ಓದು ಬಾರದವಳು. ಕೊಯ್ಲಿನ ದಿನ ನಾವು ಮಕ್ಕಳು ಬಿದ್ದ ತೆನೆ ಹೆಕ್ಕಿದರೆ ಗದರುತ್ತಿದ್ದಳು: "ಬಿಡಿ, ಅದು ನಮ್ಮದಲ್ಲ." ಸಂಜೆ ಮಲ್ಲಕ್ಕನ ಮೊಮ್ಮಕ್ಕಳು ಬಂದು ಹಕ್ಕಲು ಆಯುತ್ತಿದ್ದರು.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ತಮ್ಮ ಸುಮ್ಮನಿರುತ್ತಾನೆಯೇ? "ಅಕ್ಕಾ, ಏಳನೇ ವರ್ಷ ಹಡಿಲು ಬಿಡಬೇಕು ಅಂತಲೂ ಬೈಬಲಿನಲ್ಲೇ ಇದೆ. ನಾನು ಅದನ್ನೇ ಮಾಡ್ತಾ ಇದ್ದೇನೆ," ಅಂದ. ನಗು ಬಂತು. ಆ ಏಳನೇ ವರ್ಷ ತಾನಾಗಿ ಬೆಳೆದದ್ದನ್ನು ಬಡವರು, ಕಾಡುಪ್ರಾಣಿಗಳು ತಿನ್ನಲಿ ಎಂದು ಬಿಡುವುದು, ನಮ್ಮ ಗದ್ದೆ ವಿಶ್ರಾಂತಿ ತೆಗೆದುಕೊಳ್ಳುತ್ತಿಲ್ಲ, ರೇಟು ಕಾಯುತ್ತಿದೆ ಎಂದೆ. ಅವನಿಗೆ ಸಿಟ್ಟು ಬಂತು. "ನೀನು ಬಂದು ನೇಜಿ ನೆಡ್ತೀಯಾ? ಎ.ಸಿ. ಆಫೀಸಿನಲ್ಲಿ ಕೂತು ಉಪದೇಶ ಮಾಡುವುದು ಸುಲಭ." ಅದು ನಿಜವೇ ಆಗಿತ್ತು. ಒಂದು ತಿಂಗಳು ನಾವು ಮಾತಾಡಲಿಲ್ಲ.

ಮಲ್ಲಕ್ಕ ಈಗಿಲ್ಲ. ಅವಳ ಮೊಮ್ಮಗ ಟಿಲ್ಲರ್ ಇಟ್ಟುಕೊಂಡು ಬೇರೆಯವರ ಗದ್ದೆ ಉಳುತ್ತಾನೆ. ಹಡಿಲು ಬಿಡುವ ಬದಲು ಅವನಿಗೆ ಮಾಡಲು ಕೊಡೋಣ ಎಂದೆ. ತಮ್ಮ ಥಟ್ಟನೆ ಹೇಳಿದ: "ಕೊಟ್ಟರೆ ನಾಳೆ ಅವನು ನಮ್ಮ ಮೇಲೆಯೇ ಡಿಕ್ಲರೇಶನ್ ಕೊಟ್ಟಾನು!" ಹೇಳಿದವನೇ ಗಪ್ಪಾದ. ನಾನೂ ಗಪ್ಪಾದೆ. ಐವತ್ತು ವರ್ಷಗಳ ಹಿಂದೆ ಆಬ್‌ನ ಬಗ್ಗೆ ಧಣಿಗಳು ತಮ್ಮ ಜಗಲಿಯಲ್ಲಿ ಕುಳಿತು ಆಡಿರಬಹುದಾದ ಮಾತು ಅದು, ಅಕ್ಷರ ಅಕ್ಷರ ಅದೇ. ಅಂದಿನ ಜಗಳ ಅಲ್ಲಿಗೆ ನಿಂತಿತು.

*

ಉಡುಪಿಯಲ್ಲಿ 2021ರಲ್ಲಿ ಹಡಿಲು ಭೂಮಿಯಲ್ಲಿ ಮತ್ತೆ ಬೇಸಾಯ ಮಾಡುವ ದೊಡ್ಡ ಆಂದೋಲನ ನಡೆದು, ಅಲ್ಲಿನ ಅಕ್ಕಿ 'ಉಡುಪಿ ಕೇದಾರ ಕಜೆ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮದು ಅಷ್ಟು ದೊಡ್ಡ ಕತೆಯಲ್ಲ. ಹಬ್ಬದ ಗದ್ದೆ, ಅದೇ ಮೂವತ್ತು ಸೆಂಟ್ಸ್, ಒಂದು ವರ್ಷ ಮಾಡಿ ನೋಡುವುದು. ಖರ್ಚು ನನ್ನದು. ಉಳುಮೆ, ನೀರು, ನಿಗಾ ಮಲ್ಲಕ್ಕನ ಮೊಮ್ಮಗನದು. ಕೂಲಿಯ ಮೇಲೆ ಬೆಳೆಯಲ್ಲಿ ಅರ್ಧ ಅವನಿಗೆ. ವಿಷ ಇಲ್ಲ, ಯೂರಿಯಾ ಇಲ್ಲ. ಉಳಿದ ಗದ್ದೆಯ ತೀರ್ಮಾನ ಆಮೇಲೆ.

2025ರಲ್ಲಿ ಮಳೆ ಮೇ ತಿಂಗಳಲ್ಲೇ ಬಂದುಬಿಟ್ಟಿತು. ಜೂನ್ ಕೊನೆಗೆ ಒಂದು ವಾರ ರಜೆ ಹಾಕಿ ನೆಡಲು ಹೋದೆ. ಉಪದೇಶದ ಋಣ ತೀರಿಸಬೇಕಿತ್ತಲ್ಲ. ಎರಡು ಗಂಟೆಗೆ ಸೊಂಟ ಹೋಯಿತು. ನಾನು ನೆಟ್ಟ ಸಾಲನ್ನು ಊರಿನ ಹೆಂಗಸೊಬ್ಬಳು ನಗುತ್ತಾ ಕಿತ್ತು ಮತ್ತೆ ನೆಟ್ಟಳು. ಮಾಯಿ ಕಟ್ಟಪುಣಿಯ ಮೇಲೆ ಕೊಡೆ ಹಿಡಿದು ನಿಂತು, ಯಾರು ಯಾರ ಸಾಲು ಎಲ್ಲಿ ತಪ್ಪಿತು ಎಂದು ಕೂಗಿ ಹೇಳುತ್ತಿದ್ದಳು. ಪಪ್ಪ ಹೋದ ಮೇಲೆ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ.

ಆಗಸ್ಟ್ ಕೊನೆಗೆ ತಮ್ಮ ಫೋನ್ ಮಾಡಿ, ತಿಗಣೆ ಬಿದ್ದಿದೆ ಅಂದ. "ಏನು ಮಾಡಲಿ?" ಆಫೀಸಿನ ವರಾಂಡದಲ್ಲಿ ನಿಂತಿದ್ದೆ. ವಿಷ ಇಲ್ಲದ ಬೇಸಾಯದ ಬಗ್ಗೆ ಓದಿದ್ದೆಲ್ಲ ಆ ಗಳಿಗೆಯಲ್ಲಿ ತಲೆಗೆ ಬರಲಿಲ್ಲ. ಜೊಳ್ಳಾದರೆ ಅರ್ಧ ನಷ್ಟ ನನ್ನದಲ್ಲ, ಆ ಹುಡುಗನದು ಎಂದಷ್ಟೇ ಹೊಳೆದದ್ದು. ಅವನಿಗೇ ಫೋನ್ ಮಾಡಿ, ಹೊಡೆಯಬೇಕೆನಿಸಿದರೆ ಹೊಡಿ, ನಾನು ತಡೆಯುವುದಿಲ್ಲ ಎಂದೆ. "ಬೇಡ ಅಕ್ಕ, ಬೇವಿನೆಣ್ಣೆ ನೋಡುವ. ಕಳೆ ಹುಲ್ಲೆಲ್ಲ ತೆಗೀತೇನೆ, ಅದರಲ್ಲೇ ಅದು ಅಡಗುವುದು," ಅಂದ. ಆಮೇಲೆ ಸ್ವಲ್ಪ ತಡೆದು, "ನಮ್ಮಜ್ಜಿ ಬೂದಿ ಹಾಕ್ತಿದ್ದಳಂತೆ," ಅಂದ. ನಿನ್ನ ಅಜ್ಜಿಯ ಬೂದಿ ನನಗೆ ಗೊತ್ತು ಎಂದು ಹೇಳಲು ಹೋಗಿ ದನಿ ಕಟ್ಟಿತು.

ಕಾಲುಭಾಗದಷ್ಟು ಜೊಳ್ಳಾಯಿತು. ಉಳಿದದ್ದರಲ್ಲಿ ಒಂಬತ್ತು ತೆನೆ ನನ್ನ ಅಡುಗೆಮನೆಗೆ ಬಂತು.

ಹಬ್ಬದ ಬೆಳಿಗ್ಗೆ ಅವನ್ನು ವಸಾಯಿಯ ಇಗರ್ಜಿಗೆ ಕೊಂಡುಹೋದೆ. ಬಸ್ಸಿನಲ್ಲಿ ಬಂದ ತೆನೆಗಳ ರಾಶಿಯ ಪಕ್ಕ ಇಟ್ಟೆ. ಆಶೀರ್ವಾದವಾದ ಮೇಲೆ ಎರಡು ತೆನೆ ಮಾವ್ಶಿಗೆ ಕೊಟ್ಟೆ. ಆಕೆ ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡಿ, ಇನ್ನೂ ಹಸಿ ಇದೆ ಎಂದಳು. ಮನೆಯಲ್ಲಿ ಐದೇ ಪದಾರ್ಥ ಮಾಡಿದ್ದೆ, ಅದರಲ್ಲೊಂದು ಅವಳ ವಾಡಿಯ ಕೆಸು. ಕಾಳು ಬಿಡಿಸಿ ಜಜ್ಜಿ ಹಾಲಿಗೆ ಹಾಕಿದೆ. ನನ್ನ ಮಗ ಕುಡಿಯುವ ಮೊದಲು, "ಇದಕ್ಕೆ ಏನಾದ್ರೂ ಹೊಡೆದಿದ್ದಾರಾ?" ಎಂದು ಕೇಳಿದ. ಇಲ್ಲ ಎಂದು ಹೇಳಲು ನನಗೆ ಗೊತ್ತಿತ್ತು. ಆ ಹಬ್ಬದಲ್ಲಿ ನನಗೆ ದಕ್ಕಿದ ದೊಡ್ಡ ಭಾಗ್ಯ ಅದೇ.

ಹಕ್ಕು ಖುಲಾಸೆ ಪತ್ರ ಇನ್ನೂ ನನ್ನ ಕಪಾಟಿನಲ್ಲಿದೆ. ಉಳಿದ ತೊಂಬತ್ತೈದು ಸೆಂಟ್ಸ್ ಹಡಿಲೇ ಇದೆ. ಅಡಿಕೆ ಬೇಡ ಎಂದು ತಮ್ಮನಿಗೆ ಹೇಳಲು ನನಗೆ ಬಾಯಿಲ್ಲ, ಅದರ ದುಡ್ಡಿನಲ್ಲೇ ಓದಿದವಳು. ಮುಂದಿನ ವರ್ಷ ಇನ್ನೊಂದು ಗದ್ದೆ ಸೇರಿಸೋಣವೇ ಎಂದು ಮೊನ್ನೆ ಅವನೇ ಕೇಳಿದ. ಮಲ್ಲಕ್ಕನ ಮೊಮ್ಮಗನ ಹತ್ತಿರ ಮಾತಾಡಿ ಹೇಳುತ್ತೇನೆ ಎಂದೆ. ಅರ್ಧ ಬೆಳೆ ಅವನದು, ಕೇಳಬೇಕಾದದ್ದು ಅವನನ್ನೇ.

ಒಂದು ತೆನೆ ಉಳಿಸಿಕೊಂಡಿದ್ದೆ. ಅದರ ಕಾಳುಗಳನ್ನು ಕಾಗದದ ಮಡಿಕೆಯಲ್ಲಿಟ್ಟು, ಲಕೋಟೆಗೆ ಹಾಕಿ, ಪುಣೆಯಲ್ಲಿ ಓದುತ್ತಿರುವ ಮಗಳ ಹಾಸ್ಟೆಲ್ಲಿಗೆ ಕಳಿಸಿದೆ. ಕೊರಿಯರ್ ಅಲ್ಲ, ಅಂಚೆಯಲ್ಲೇ. ಪುಡಿಯಾಗಿ ಬಂತು ಎಂದು ಅವಳು ಫೋನ್ ಮಾಡಿದಳು. ಚಹಾಕ್ಕೆ ಹಾಕಿಕೋ ಎಂದೆ.